ಎಲ್ಲವೂ ಇರುವವರಿಗೆ ಏನನ್ನು ಕೊಡೋಣ?



ದಶಲಕ್ಷಣ ಪರ್ವ ಮುಗಿಯುತ್ತಿದ್ದಂತೆ ನಮ್ಮ ಶ್ರಾವಕ ಗೃಹಗಳಲ್ಲಿ ಒಂದು ಪ್ರಶ್ನೆ ತಲೆದೋರುವುದುಂಟು. ಹತ್ತು ದಿನ ಉಪವಾಸವಿದ್ದು ಪಾರಣೆಗೆ ಕುಳಿತ ಅತ್ತಿಗೆಗೆ, ಅನಂತ ನೋಂಪಿಯನ್ನು 14 ವರ್ಷ ನಡೆಸಿ ಉದ್ಯಾಪನೆಗೆ ಅಣಿಯಾದ ದೊಡ್ಡಮ್ಮನಿಗೆ ಏನನ್ನು ಕೊಡುವುದು? ಬರಿಗೈಯಲ್ಲಿ ಹೋಗಲು ಮನಸ್ಸು ಒಪ್ಪದು. ಆದರೆ ಅವರ ಮನೆಯಲ್ಲಿ ಇಲ್ಲದ ವಸ್ತುವಾದರೂ ಯಾವುದು? ಬೀರುವಿನಲ್ಲಿ ಮಡಿಕೆ ಬಿಚ್ಚದ ಸೀರೆಗಳಿವೆ, ಅಟ್ಟದ ಮೇಲೆ ಹೆಸರು ಕೊರೆಸಿದ ಪಾತ್ರೆಗಳಿವೆ. ಹೋದ ವರ್ಷ ನಾವು ಕೊಟ್ಟ ತಟ್ಟೆಯೂ ಅಲ್ಲೇ ಇದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ವಾಸಿಸುವವರಿಗೆ ಈ ಪ್ರಶ್ನೆಗೆ ಉತ್ತರ ಸುಲಭವೆಂದು ತೋರಬಹುದು. ಒಂದು ಕಡೆ ರೇಷ್ಮೆ, ಇನ್ನೊಂದು ಕಡೆ ಬಣ್ಣದ ಬೊಂಬೆ. ನಾಡಿಗೆಲ್ಲ ಉಡುಗೊರೆ ಒದಗಿಸುವ ಸೀಮೆಯಿದು. ಇಲ್ಲಿಯೇ ನಾವು ಸ್ವಲ್ಪ ನಿಂತು ಯೋಚಿಸಬೇಕಾಗಿದೆ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಾನವೆಂದರೆ ಅನುಗ್ರಹಕ್ಕಾಗಿ ತನ್ನದನ್ನು ಬಿಡುವುದು ಎಂಬ ಅರ್ಥದಲ್ಲಿ ಲಕ್ಷಣ ಹೇಳಿದ್ದಾರೆ. ಅನುಗ್ರಹ ಕೊಟ್ಟವನಿಗೂ ಆಗಬೇಕು, ಪಡೆದವನಿಗೂ ಆಗಬೇಕು. ಮುಂದಿನ ಸೂತ್ರದಲ್ಲಿ ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರ ವಿಶೇಷದಿಂದ ದಾನದಲ್ಲಿ ವಿಶೇಷವುಂಟಾಗುವುದೆಂದಿದ್ದಾರೆ. ನಾವು ಅಂಗಡಿಯಲ್ಲಿ ನಿಂತಾಗ ಈ ನಾಲ್ಕರಲ್ಲಿ ದ್ರವ್ಯವೊಂದನ್ನೇ ನೋಡುತ್ತೇವೆ. ಅದರ ಬೆಲೆಯನ್ನು ಮಾತ್ರ ನೋಡುತ್ತೇವೆಂದರೂ ತಪ್ಪಾಗದು.

ಅದೇ ಅಧ್ಯಾಯದಲ್ಲಿ ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನೂ ಹೇಳಿದೆ. ಹೊಲಮನೆ, ಬೆಳ್ಳಿಬಂಗಾರ, ಧನಧಾನ್ಯ, ದಾಸದಾಸಿಯರು, ಕುಪ್ಯ ಇವುಗಳಿಗೆ ತಾನೇ ಹಾಕಿಕೊಂಡ ಮಿತಿಯನ್ನು ಮೀರುವುದೇ ಅತಿಚಾರ. ಕುಪ್ಯವೆಂದರೇನು? ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ವಿವರಿಸುವಾಗ ಹತ್ತಿ, ರೇಷ್ಮೆ, ಶ್ರೀಗಂಧಗಳನ್ನು ಹೆಸರಿಸುತ್ತಾರೆ. ನಾವು ಇಂದು ಉಡುಗೊರೆಯಾಗಿ ಕೊಡುವ ಸಾಮಗ್ರಿಗಳ ಪಟ್ಟಿಯೇ ಇದಲ್ಲವೇ? ಈಗ ಒಬ್ಬ ಶ್ರಾವಿಕೆ ಗುರುಗಳ ಸನ್ನಿಧಿಯಲ್ಲಿ ಇಂತಿಷ್ಟೇ ಸೀರೆ ಸಾಕೆಂದು ನಿಯಮ ಸ್ವೀಕರಿಸಿದ್ದಾಳೆನ್ನಿ. ಆಕೆಯ ಉಪವಾಸವನ್ನು ಮೆಚ್ಚಿ ಐವರು ಬಂಧುಗಳು ಐದು ಸೀರೆ ತಂದರೆ ಆಕೆ ಏನು ಮಾಡಬೇಕು? ತೆಗೆದುಕೊಂಡರೆ ನಿಯಮಕ್ಕೆ ಭಂಗ, ಬೇಡವೆಂದರೆ ಬಂಧುಗಳಿಗೆ ನೋವು. ತಪಸ್ಸನ್ನು ಗೌರವಿಸಲು ಹೋದವರೇ ತಪಸ್ವಿನಿಯನ್ನು ಸಂಕಟಕ್ಕೆ ಸಿಲುಕಿಸಿದಂತಾಯಿತು. ಆದುದರಿಂದ ಎಲ್ಲವೂ ಇರುವವರಿಗೆ ಏನಾದರೂ ಕೊಡಬೇಕೆಂದಾಗ ಮೊದಲು ತಿಳಿಯತಕ್ಕದ್ದು ಅವರು ಯಾವ ಮಿತಿಯನ್ನು ಹಾಕಿಕೊಂಡಿದ್ದಾರೆ ಎಂಬುದನ್ನು. ಮನೆಯಲ್ಲಿ ಏನಿಲ್ಲವೆಂದು ಹುಡುಕುವುದು ಆಮೇಲಿನ ಮಾತು. ಕೇಳಲು ಸಂಕೋಚವೆನಿಸಿದರೆ ಮನೆಯ ಹಿರಿಯರನ್ನು ವಿಚಾರಿಸಬಹುದು.

ರೇಷ್ಮೆಯ ವಿಷಯದಲ್ಲಿ ಇನ್ನೂ ಒಂದು ಮಾತನ್ನು ಹೇಳದೆ ಇರಲಾಗದು. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾ ಖಂಡದಲ್ಲಿಯೇ ದೊಡ್ಡದೆಂದು ಹೆಸರಾದುದು. ಅಲ್ಲಿ ಹರಾಜಾಗುವ ಒಂದು ಗೂಡು ಹೆಚ್ಚೆಂದರೆ ಎರಡು ಗ್ರಾಂ ತೂಗೀತು. ಒಂದು ಕಿಲೋ ನೂಲಿಗೆ ಆರೇಳು ಕಿಲೋ ಗೂಡು ಬೇಕು. ಲೆಕ್ಕ ಹಾಕಿ ನೋಡಿ: ಅರ್ಧ ಕಿಲೋ ತೂಕದ ಒಂದು ಸೀರೆಯ ಹಿಂದೆ ಸಾವಿರದೈನೂರಕ್ಕೂ ಮಿಗಿಲಾದ ಜೀವಗಳು. ಗೂಡಿನೊಳಗಿನ ಜೀವವನ್ನು ಬಿಸಿಯಿಂದ ಕೊಂದು, ಗೂಡನ್ನು ಕುದಿನೀರಿನಲ್ಲಿ ಬೇಯಿಸಿ ಎಳೆ ತೆಗೆಯುತ್ತಾರೆ. ನೀರನ್ನು ಸೋಸಿ ಕುಡಿಯುವವರು, ಸೂರ್ಯಾಸ್ತದ ಮೇಲೆ ಅನ್ನ ಮುಟ್ಟದವರು, ಹತ್ತು ದಿನದ ಉಪವಾಸಕ್ಕೆ ಇದನ್ನು ಪುರಸ್ಕಾರವಾಗಿ ಕೊಡಬಹುದೇ? ಪೂಜೆಗೆ ರೇಷ್ಮೆಯೇ ಮಡಿಯೆಂಬ ರೂಢಿ ನಮ್ಮ ಅನೇಕ ಮನೆಗಳಲ್ಲಿ ಉಳಿದಿರುವುದು ನನಗೆ ಸರಿಯೆನಿಸದು. ಹುಳು ಸಾಕಿ ಮಕ್ಕಳನ್ನು ಓದಿಸುವ ಕನಕಪುರದ ರೈತನನ್ನು ನಿಂದಿಸುವುದು ಇಲ್ಲಿಯ ಉದ್ದೇಶವಲ್ಲ. ಮಾತು ವ್ರತಿಕರ ಆಯ್ಕೆಗೆ ಮಾತ್ರ ಸಂಬಂಧಿಸಿದ್ದು. ಚನ್ನಪಟ್ಟಣದ ಬೊಂಬೆಯಲ್ಲಿ ಹಾಲೆಮರದ ನಯವಿದೆ, ಕುಶಲಿಯ ಶ್ರಮವಿದೆ. ಆದರೆ ಅದರ ಹೊಳಪು ಅರಗಿನದು, ಅರಗೂ ಕೀಟದಿಂದಲೇ ಬರುವಂಥದು. ಲಾಕ್ಷಾವಾಣಿಜ್ಯವನ್ನು ಶ್ರಾವಕಾಚಾರಗಳು ಖರಕರ್ಮಗಳಲ್ಲಿ ಎಣಿಸಿವೆ. ಬಲ್ಲವರು ಯೋಚಿಸಲಿ.

ಹಾಗಾದರೆ ಏನನ್ನು ಕೊಡುವುದು? ಇದಕ್ಕೆ ನಮ್ಮ ಪರಂಪರೆಯಲ್ಲಿ ಉತ್ತರವಿದೆ. ಏಕೆಂದರೆ ಏನೂ ಬೇಡದವರಿಗೆ ಕೊಡುವುದನ್ನು ನಾವು ಸಾವಿರಾರು ವರ್ಷಗಳಿಂದ ಕಲಿತಿದ್ದೇವೆ. ದಿಗಂಬರ ಮುನಿಗಳಿಗಿಂತ ಬೇಡಿಕೆಯಿಲ್ಲದ ಪಾತ್ರ ಇನ್ನಾವುದು? ಅವರಿಗೆ ಕೈಯೇ ಪಾತ್ರೆ, ದಿಕ್ಕೇ ವಸ್ತ್ರ. ನಾವು ಕೊಡಬಹುದಾದುದು ದಿನಕ್ಕೊಮ್ಮೆ ಆಹಾರ, ರೋಗವಿದ್ದರೆ ಔಷಧ, ಪಿಂಛಿ, ಕಮಂಡಲು, ಶಾಸ್ತ್ರ, ತಂಗಲು ಒಂದು ವಸತಿ. ಇಷ್ಟೇ. ಚಾತುರ್ಮಾಸದ ಕೊನೆಗೆ ಪಿಂಛಿ ಪರಿವರ್ತನೆ ನಡೆಯುವುದನ್ನು ನೀವು ನೋಡಿರಬಹುದು. ಹೊಸ ಪಿಂಛಿಯನ್ನು ಅರ್ಪಿಸುವವರೂ ಹಳೆಯದನ್ನು ಪಡೆಯುವವರೂ ಹಣ ಹೆಚ್ಚಿದ್ದವರೆಂದು ಆಯ್ಕೆಯಾಗುವುದಿಲ್ಲ. ಬ್ರಹ್ಮಚರ್ಯವನ್ನೋ ಇನ್ನಾವುದೋ ನಿಯಮವನ್ನೋ ಸ್ವೀಕರಿಸಿದವರಿಗೆ ಆ ಭಾಗ್ಯ. ಅಲ್ಲಿ ಕೊಡುಗೆಯೆಂದರೆ ವ್ರತ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪಕರಣದಾನಕ್ಕೆ ಕೌಂಡೇಶನನ್ನು ದೃಷ್ಟಾಂತವಾಗಿ ಹೆಸರಿಸುತ್ತಾರೆ. ಪೂರ್ವಜನ್ಮದಲ್ಲಿ ಅವನು ಗೋವಿಂದನೆಂಬ ದನಗಾಹಿ. ಮರದ ಪೊಟರೆಯಲ್ಲಿ ಸಿಕ್ಕಿದ ಶಾಸ್ತ್ರವೊಂದನ್ನು ಭಕ್ತಿಯಿಂದ ಪೂಜಿಸಿ, ಪದ್ಮನಂದಿ ಮುನಿಗಳಿಗೆ ಒಪ್ಪಿಸಿದನೆಂದು ಕಥೆ. ಅವನು ಅದನ್ನು ಕೊಳ್ಳಲಿಲ್ಲ, ಅವನ ಬಳಿ ಕೊಳ್ಳಲು ಏನೂ ಇರಲಿಲ್ಲ. ಯಾರ ಕೈಯಲ್ಲಿ ಅದು ಸಾರ್ಥಕವಾದೀತೆಂದು ಮಾತ್ರ ಅವನು ಅರಿತಿದ್ದ.

ಕನ್ನಡ ನಾಡಿನ ಶ್ರಾವಿಕೆಯರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮಲ್ಲಿಕಬ್ಬೆಯೆಂಬ ಶ್ರಾವಿಕೆ ಶ್ರೀಪಂಚಮಿ ನೋಂಪಿಯ ಉದ್ಯಾಪನೆಗೆ ಮಹಾಬಂಧವನ್ನು ತಾಳೆಯೋಲೆಯ ಮೇಲೆ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳು. ಆಕೆಯ ಒಡವೆಗಳು ಎಲ್ಲಿ ಹೋದವೋ ಯಾರೂ ಅರಿಯರು. ಆ ಗ್ರಂಥ ಮೂಡುಬಿದಿರೆಯಲ್ಲಿ ಉಳಿದು, 1947ರಿಂದ ಭಾರತೀಯ ಜ್ಞಾನಪೀಠದ ಮೂಲಕ ಅಚ್ಚಾಗಿ ಎಲ್ಲರ ಕೈಗೂ ಬಂದಿತು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದುದು ನಿಮಗೆಲ್ಲ ತಿಳಿದುದೇ.

ಇಷ್ಟು ಕೇಳಿ, ಅವರು ಧನಿಕರು, ನಮ್ಮಿಂದಾಗದು ಎನ್ನುವ ತಾಯಂದಿರಿದ್ದಾರೆ. ನಿಜವಾದ ನೋವು ಇರುವುದು ಇಲ್ಲಿ. ಹೆಚ್ಚಿನ ಮನೆಗಳಲ್ಲಿ ಕೊಡುಗೆಯ ಭಾರವನ್ನು ಹೊರುವವರು ಇಲ್ಲದವರೇ. ಇರುವವರ ಮನೆಗೆ ಅವರ ಅಂತಸ್ತಿಗೆ ತಕ್ಕುದನ್ನು ಒಯ್ಯಬೇಕೆಂದು ಸಾಲ ಮಾಡುವವರಿದ್ದಾರೆ. ಉದ್ಯಾಪನೆಗೆ ಬಂದ ಎಲ್ಲರಿಗೂ ಪಾತ್ರೆ ಹಂಚಲಾರೆನೆಂದು ನೋಂಪಿಯನ್ನೇ ಹಿಡಿಯದ ಸೊಸೆಯರಿದ್ದಾರೆ. ಅವರಿಗೆ ವ್ರತವಿಧಾನದ ಗ್ರಂಥಗಳೇ ಸಮಾಧಾನ ಹೇಳಿವೆ: ಉದ್ಯಾಪನೆಗೆ ಶಕ್ತಿಯಿಲ್ಲದವರು ವ್ರತವನ್ನು ದ್ವಿಗುಣವಾಗಿ ಆಚರಿಸಬಹುದು. ಹಣ ಸಾಲದ ಕಡೆ ಉಪವಾಸವೇ ದ್ರವ್ಯವಾಗಿ ಸಲ್ಲುತ್ತದೆ. ಈ ವಿಧಿಯನ್ನು ಮನೆಯ ಹಿರಿಯರು ಗಟ್ಟಿಯಾಗಿ ಹೇಳಬೇಕು. ಹೇಳದೆ ಮುಚ್ಚಿಟ್ಟು ಪಾತ್ರೆಯ ಅಂಗಡಿಗೆ ಕಳುಹಿಸುವುದು ಅನ್ಯಾಯ. ಇದೇ ಮಾತು ಉಡುಗೊರೆಗೂ ಸಲ್ಲುತ್ತದೆ. ಸಿರಿವಂತ ಅತ್ತಿಗೆಯ ಪಾರಣೆಗೆ ಹೋಗುವಾಗ, ನಿಮ್ಮ ಉಪವಾಸವನ್ನು ಅನುಮೋದಿಸಿ ನಾನು ಇಷ್ಟು ಅಷ್ಟಮಿ ಚತುರ್ದಶಿಗಳಲ್ಲಿ ಏಕಭುಕ್ತವಿರುತ್ತೇನೆ ಎಂದು ಹೇಳಿ ಹೋಗಿ. ಆಕೆಯ ಬೀರುವಿನಲ್ಲಿ ಅದಕ್ಕೆ ಸ್ಥಳ ಬೇಕಾಗದು, ಮಿತಿಯೂ ಮುರಿಯದು. ಕೊಟ್ಟೇ ತೀರಬೇಕೆಂಬ ಅನುಕೂಲವಂತರು ಆಕೆಯ ಹೆಸರಿನಲ್ಲಿ ಬಡ ರೋಗಿಯ ಔಷಧಕ್ಕೋ ವಿದ್ಯಾರ್ಥಿಯ ಪುಸ್ತಕಕ್ಕೋ ಕೊಡಲಿ. ಅತ್ತಿಗೆ ಬೇಕಾದರೆ ಅದಕ್ಕೆ ತನ್ನದನ್ನೂ ಸೇರಿಸಿಯಾಳು.

ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಬುಕ್ಕರಾಯನ 1368ರ ಶಾಸನವೊಂದಿದೆ. ಅದೇ ನಿರ್ಣಯದ ಶಾಸನ ಶ್ರವಣಬೆಳಗೊಳದಲ್ಲಿಯೂ ಇದೆ. ಭಕ್ತರಿಗೂ ಜೈನರಿಗೂ ವಿವಾದ ಬಂದು ರಾಜನು ಸಮಾಧಾನ ಮಾಡಿದ ಕಥೆ ಶಾಲೆಯ ಪುಸ್ತಕಗಳಲ್ಲಿದೆ. ಅದರೊಳಗಿನ ಒಂದು ಏರ್ಪಾಟನ್ನು ಮಾತ್ರ ನಾವು ಮರೆತಿದ್ದೇವೆ. ಉಡಲು ಒಂದೆಳೆ ನೂಲೂ ಬೇಡದ ಗೊಮ್ಮಟೇಶ್ವರನಿಗಾಗಿ ರಾಜ್ಯದ ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಸಿರಿವಂತನ ಮನೆಗೂ ಅಷ್ಟೇ, ಬಡವನ ಮನೆಗೂ ಅಷ್ಟೇ. ಅದರಿಂದ ಬೆಳಗೊಳದಲ್ಲಿ 20 ಮಂದಿ ಕಾವಲಿನವರನ್ನು ಇಡುವುದು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸುವುದು. ಹಣವನ್ನು ಸಂಗ್ರಹಿಸಿ ಈ ಕೆಲಸ ಮಾಡಿಸುವ ಹೊಣೆಯನ್ನು ತಿರುಮಲೆಯ ತಾತಯ್ಯನವರೆಂಬ ವೈಷ್ಣವರಿಗೆ ವಹಿಸಲಾಯಿತು.