ಇನ್ನೊಬ್ಬರ ನೋವು ನಮ್ಮ ಮೈಗೆ ಬಂದರೆ ಸಾಕೇ?





ನಮ್ಮ ಜನ ಮತ್ತೆ ಮತ್ತೆ ಆಡುವ ಒಂದು ಮಾತಿದೆ: "ನಮ್ಮ ನೋವು ಒಂದು ದಿನ ಅವರ ಮೈಗೆ ಬರಬೇಕಿತ್ತು, ಆಗ ಜಾತಿ ಮಾಡೋದು ಬಿಡ್ತಿದ್ರು." ಇವತ್ತು ಈ ಮಾತನ್ನು ಸ್ವಲ್ಪ ತಿಕ್ಕಿ ನೋಡೋಣ. ಅದಕ್ಕಾಗಿ ಈ ಸಲ ಸುತ್ತವೊಂದನ್ನು ತೆಗೆದುಕೊಳ್ಳದೆ ಒಂದು ವೆಬ್ ಸರಣಿಯನ್ನು ತೆಗೆದುಕೊಂಡಿದ್ದೇನೆ. ಹೆಸರು 'ಸೆನ್ಸ್ ಎಯ್ಟ್'. ಮುಜುಗರದ ದೃಶ್ಯಗಳು ಸಾಕಷ್ಟಿವೆ, ಮನೆಮಂದಿಯೆಲ್ಲ ಕೂತು ನೋಡುವಂಥದ್ದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಒಂದೇ ದಿನ ಹುಟ್ಟಿದ ಎಂಟು ಜನ. ನೈರೋಬಿಯ ಬಸ್ ಚಾಲಕ, ಸಿಯೋಲ್‌ನ ಉದ್ಯಮಿಯ ಮಗಳು, ಚಿಕಾಗೋದ ಪೊಲೀಸಿನವನು, ಬರ್ಲಿನ್ನಿನ ತಿಜೋರಿ ಕಳ್ಳ, ಮೆಕ್ಸಿಕೋದ ಸಿನಿಮಾ ನಟ, ಐಸ್‌ಲ್ಯಾಂಡಿನ ಡಿಜೆ ಹುಡುಗಿ, ಸ್ಯಾನ್ ಫ್ರಾನ್ಸಿಸ್ಕೋದ ಟ್ರಾನ್ಸ್ ಹೆಣ್ಣುಮಗಳು ನೋಮಿ, ಮುಂಬೈನ ಔಷಧ ಕಂಪನಿಯಲ್ಲಿ ಕೆಲಸ ಮಾಡುವ ಕಲಾ. ಒಬ್ಬರಿಗೊಬ್ಬರು ಗೊತ್ತಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಇವರ ಮನಸ್ಸುಗಳು ಕೂಡಿಕೊಳ್ಳುತ್ತವೆ. ಒಬ್ಬನಿಗೆ ಬಿದ್ದ ಏಟು ಇನ್ನೊಬ್ಬನಿಗೆ ನೋಯುತ್ತದೆ. ಒಬ್ಬಳಿಗೆ ಬರುವ ವಿದ್ಯೆ ಇನ್ನೊಬ್ಬನ ಕೈಗೆ ಬರುತ್ತದೆ. 2015ರಲ್ಲಿ ಶುರುವಾದ ಸರಣಿಯನ್ನು 2017ರ ಜೂನ್‌ನಲ್ಲಿ ಕಂಪನಿಯವರು ಅರ್ಧಕ್ಕೆ ನಿಲ್ಲಿಸಿದರು. ನೋಡುಗರು ಬಿಡಲಿಲ್ಲ, ಲೋಕದ ಎಲ್ಲ ಕಡೆಯಿಂದ ಪಟ್ಟು ಹಿಡಿದರು. ಹಾಗಾಗಿ 2018ರ ಜೂನ್ 8ರಂದು ಎರಡೂವರೆ ಗಂಟೆಯ ಕೊನೆಯ ಕಂತು ಬಂತು. ನಮ್ಮ ಪ್ರಶ್ನೆ ಇರುವುದು ಆ ಕೊನೆಯ ಕಂತಿನಲ್ಲಿ.

ಮೊದಲು ಖಳನನ್ನು ನೋಡಿ. ಇಂಥ ಜನರನ್ನು ಬೇಟೆಯಾಡುವ ಒಂದು ಸಂಸ್ಥೆಯಿದೆ. ಅದರ ಮುಖ್ಯ ಬೇಟೆಗಾರನನ್ನು ವಿಸ್ಪರ್ಸ್ ಎನ್ನುತ್ತಾರೆ. ಅವನು ಹೊರಗಿನವನಲ್ಲ, ಅವನಿಗೂ ಅದೇ ಶಕ್ತಿ ಇದೆ. ಒಮ್ಮೆ ಕಣ್ಣಲ್ಲಿ ಕಣ್ಣಿಟ್ಟರೆ ಸಾಕು, ನಿಮ್ಮ ಮನಸ್ಸಿನೊಳಗೆ ಬಂದುಬಿಡುತ್ತಾನೆ. ನಿಮ್ಮ ಭಯ ಎಲ್ಲಿದೆ, ಎಲ್ಲಿ ಒತ್ತಿದರೆ ನೋಯುತ್ತದೆ ಎಲ್ಲ ಅವನಿಗೆ ಗೊತ್ತು. ಆ ತಿಳುವಳಿಕೆಯೇ ಅವನ ಆಯುಧ.

ನಮ್ಮ ಮಾತು ಬಿರುಕು ಬಿಡುವುದು ಇಲ್ಲಿ. ನೋವು ಗೊತ್ತಾದ ಮಾತ್ರಕ್ಕೆ ಮನುಷ್ಯ ಕರಗುತ್ತಾನೆ ಎನ್ನುವುದಕ್ಕೆ ಏನು ಖಾತ್ರಿ? ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಪ್ರಜ್ಞೆಯನ್ನು ಕತ್ತಿಗೆ ಹೋಲಿಸುತ್ತಾರೆ. ಶೀಲವಂತನ ಕೈಯಲ್ಲಿದ್ದರೆ ಅಪಾಯದಲ್ಲಿರುವವನನ್ನು ಕಾಯುತ್ತದೆ, ಶೀಲವಿಲ್ಲದವನ ಕೈಯಲ್ಲಿದ್ದರೆ ಕೊಲೆಗೂ ಬಳಕೆಯಾಗುತ್ತದೆ. ವಿಸ್ಪರ್ಸ್‌ಗೆ ಇದ್ದದ್ದು ಬರೀ ಕತ್ತಿ.

ದೂರದ ಉದಾಹರಣೆ ಬೇಡವೆಂದರೆ ಹತ್ತಿರದ್ದನ್ನೇ ನೋಡಿ. ಮಲಗುಂಡಿಗೆ ಮನುಷ್ಯನನ್ನು ಇಳಿಸಬಾರದೆಂದು 2013ರ ಕಾನೂನಿದೆ. ಆದರೂ ಇಳಿಸುತ್ತಾರೆ. ಕೆಳಗೆ ಉಸಿರು ಕಟ್ಟುತ್ತದೆ ಎಂದು ಮೇಲೆ ನಿಂತ ಗುತ್ತಿಗೆದಾರನಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ. ಗೊತ್ತಿರುವುದರಿಂದಲೇ ತಾನು ಇಳಿಯುವುದಿಲ್ಲ.

ಸರಿ, ಆ ಎಂಟು ಜನ ಒಬ್ಬರಿಗೊಬ್ಬರು ಪ್ರಾಣ ಕೊಡಲು ಸಿದ್ಧರಿದ್ದಾರಲ್ಲ, ಅದು ದೊಡ್ಡದಲ್ಲವೇ? ಇಲ್ಲಿ ನಾನು ಸ್ವಲ್ಪ ಕಟುವಾಗಿ ಹೇಳುತ್ತೇನೆ. ನನ್ನ ಕಾಲಿಗೆ ಮುಳ್ಳು ಚುಚ್ಚಿದಾಗ ನನ್ನ ಕೈ ಹೋಗಿ ತೆಗೆಯುತ್ತದೆ. ಅದನ್ನು ಯಾರೂ ಕರುಣೆ ಎನ್ನುವುದಿಲ್ಲ. ಅವನ ನೋವು ನನಗೂ ನೋಯುತ್ತದೆ ಎಂಬ ಕಾರಣಕ್ಕೆ ಅವನನ್ನು ಉಳಿಸಿದರೆ ನಾನು ಉಳಿಸಿಕೊಂಡದ್ದು ನನ್ನನ್ನೇ. ಒಂದು ಜಾತಿಯವರೆಲ್ಲ ತಮ್ಮವರಿಗೆ ಕಷ್ಟ ಬಂದರೆ ಓಡಿ ಬರುತ್ತಾರೆ, ಅದನ್ನು ನಾವು ಮೈತ್ರಿ ಎನ್ನುತ್ತೇವೆಯೇ?

ಕೊನೆಯ ಕಂತಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡವರಾಗಿ ಕಂಡವರು ಬೇರೆಯವರು. ಬರ್ಲಿನ್ನಿನ ಹುಡುಗ ವುಲ್ಫ್‌ಗ್ಯಾಂಗ್ ಶತ್ರುಗಳ ಕೈಗೆ ಸಿಕ್ಕಿದ್ದಾನೆ, ಚಿತ್ರಹಿಂಸೆ ನಡೆಯುತ್ತಿದೆ. ಅವನನ್ನು ಬಿಡಿಸಲು ಎಂಟು ಜನರ ಗುಂಪಿನ ಜೊತೆಗೆ ಯಾವ ಶಕ್ತಿಯೂ ಇಲ್ಲದ ಮಾಮೂಲಿ ಮನುಷ್ಯರೂ ಪ್ರಾಣದ ಹಂಗು ತೊರೆದು ನಿಲ್ಲುತ್ತಾರೆ. ನೋಮಿಯ ಸಂಗಾತಿ ಅಮನೀಟಾ, ನಟನ ಸಂಗಾತಿ ಹೆರ್ನಾಂಡೊ, ಗೆಳತಿ ಡ್ಯಾನಿಯೆಲಾ. ಇವರಿಗೆ ಯಾರ ನೋವೂ ಮೈಗೆ ಬರುವುದಿಲ್ಲ. ಕಾಣದ್ದನ್ನು, ಕೇಳದ್ದನ್ನು ಬರೀ ನಂಬಿಕೆಯ ಮೇಲೆ ಒಪ್ಪಿ ಬಂದವರು. ಕಲಾಳ ಗಂಡ ರಾಜನ್ ಕೂಡ ಬರುತ್ತಾನೆ. ಹೆಂಡತಿಯ ಮನಸ್ಸು ಇದೇ ವುಲ್ಫ್‌ಗ್ಯಾಂಗ್ ಕಡೆಗಿದೆ ಎಂದು ತಿಳಿದ ಮೇಲೂ ಅವನು ಬಿಟ್ಟು ಓಡುವುದಿಲ್ಲ.

ಬಾಬಾಸಾಹೇಬರು ಕರುಣೆಗೂ ಮೈತ್ರಿಗೂ ಒಂದು ಭೇದ ಹೇಳಿದ್ದಾರೆ. ಕರುಣೆ ಮನುಷ್ಯರವರೆಗೆ ಹೋಗುತ್ತದೆ. ಬುದ್ಧರು ಅದಕ್ಕೂ ಮುಂದೆ ಹೋಗಿ ಎಲ್ಲ ಜೀವಿಗಳ ಮೇಲಿನ ಮೈತ್ರಿಯನ್ನು ಬೋಧಿಸಿದರು ಎಂದು. ಎಲ್ಲ ಜೀವಿಗಳ ನೋವು ಯಾರ ಮೈಗೂ ಬರಲು ಸಾಧ್ಯವಿಲ್ಲ. ಬರುವುದಿಲ್ಲ ಎನ್ನುವ ಕಡೆಯಿಂದಲೇ ಮೈತ್ರಿಯ ಕೆಲಸ ಶುರುವಾಗುವುದು. ಅದಕ್ಕೇ ಅದನ್ನು ದಿನಾ ಕೂತು ಭಾವನೆ ಮಾಡಬೇಕಾಗಿದೆ.

ನೋಮಿಯ ವಿಷಯ ಒಂದು ಮಾತು. ಹೆತ್ತ ತಾಯಿ ಅವಳನ್ನು ಹಳೆಯ ಗಂಡು ಹೆಸರಿನಿಂದಲೇ ಕರೆಯುತ್ತಾ ಬಂದಿದ್ದಾಳೆ. ಕೊನೆಗೆ ಪ್ಯಾರಿಸ್‌ನ ಐಫೆಲ್ ಗೋಪುರದ ಮೇಲೆ ನಡೆಯುವ ಮಗಳ ಮದುವೆಗೆ ಬರುತ್ತಾಳೆ. ದೀಕ್ಷೆ ಪಡೆದು ಹೆಸರು ಬದಲಿಸಿಕೊಂಡ ಮೇಲೂ ಹಳೇ ಹೆಸರಿನಲ್ಲೇ ಕರೆಸಿಕೊಂಡವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಅವರಿಗೆ ಈ ದೃಶ್ಯ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನನಗೆ ಒಪ್ಪಿಗೆಯಾಗದ ಸಂಗತಿ. ವಿಸ್ಪರ್ಸ್ ಹೆಲಿಕಾಪ್ಟರಿನಲ್ಲಿದ್ದಾನೆ. ವುಲ್ಫ್‌ಗ್ಯಾಂಗ್ ರಾಕೆಟ್ ಹಾರಿಸಿ ಅದನ್ನು ಉರುಳಿಸುತ್ತಾನೆ. ಕಥೆ ಒಂದು ಕ್ಷಣವೂ ನಿಂತು ಯೋಚಿಸುವುದಿಲ್ಲ, ಮದುವೆಯ ಪಟಾಕಿಗೆ ಹೋಗಿಬಿಡುತ್ತದೆ. ಅಹಿಂಸೆಯ ವಿಷಯದಲ್ಲಿ ಬಾಬಾಸಾಹೇಬರು ನಮಗೆ ಕೊಟ್ಟಿರುವ ಅಳತೆಗೋಲು ಗೊತ್ತಲ್ಲ: ಕೊಲ್ಲುವ ಇಚ್ಛೆ ಬೇರೆ, ಕೊಲ್ಲುವ ಅನಿವಾರ್ಯತೆ ಬೇರೆ. ಅವನನ್ನು ಬಿಟ್ಟಿದ್ದರೆ ಮತ್ತೆ ಬೇಟೆಗೆ ಬರುತ್ತಿದ್ದ, ಹಾಗಾಗಿ ಅನಿವಾರ್ಯ ಎನ್ನಬಹುದು. ಆದರೆ ಇದೇ ಗುಂಪು ಅವನನ್ನು ಮೊದಲು ಹಿಡಿದು ಕಟ್ಟಿಹಾಕಿ ಇಟ್ಟುಕೊಂಡಿತ್ತು. ಹಿಡಿದಿಡಲು ಅವರಿಗೆ ಬರುತ್ತಿತ್ತು. ಹಿಂಸೆ ತಿಂದ ಹುಡುಗನ ಕೈಯಲ್ಲೇ ಆ ರಾಕೆಟ್ ಕೊಟ್ಟದ್ದರಲ್ಲಿ ನನಗೆ ಇಚ್ಛೆಯೇ ಹೆಚ್ಚು ಕಾಣುತ್ತದೆ. ನೋಯಿಸಿಕೊಂಡವನ ಸಿಟ್ಟು ನ್ಯಾಯವಾದದ್ದೇ. ಆದರೆ ಸಿಟ್ಟು ನ್ಯಾಯವಾಗಿದ್ದರೆ ಕೆಲಸವೂ ನ್ಯಾಯವಾಗಿಬಿಡುತ್ತದೆಯೇ? ಎಷ್ಟೋ ಅವಮಾನ ನುಂಗಿದ ಮನುಷ್ಯ ಮಹಾಡ್‌ನಲ್ಲಿ ಜನರನ್ನು ಕೆರೆಗೆ ಕರೆದುಕೊಂಡು ಹೋದದ್ದು ನೀರು ಕುಡಿಯಲು, ಅಷ್ಟೇ.

ಹಾಂ, ಇನ್ನೊಂದು. ಕಲಾಳ ಕಥೆಯಲ್ಲಿ ಮುಂಬೈ ಇದೆ, ಗಣಪತಿ ಇದ್ದಾನೆ, ದೊಡ್ಡ ಮದುವೆ ಇದೆ. ಬಾಬಾಸಾಹೇಬರು ಪರೇಲ್‌ನ ಚಾಳಿನಲ್ಲಿ ಬಾಳಿದ ಅದೇ ಊರು. ಜಾತಿ ಮಾತ್ರ ಕಥೆಗೆ ಒಂದು ಪ್ರಶ್ನೆಯಾಗಿ ಬರಲೇ ಇಲ್ಲ. ಲೋಕದ ನೋವನ್ನೆಲ್ಲ ಒಂದು ಮಾಡಲು ಹೊರಟವರಿಗೂ ಈ ನೋವು ಕಾಣಿಸಲಿಲ್ಲ.

ಭಾನುವಾರದ ಓದಿಗೆ ಬರುವವರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅಹಿಂಸೆಯ ಭಾಗವನ್ನೂ ಮೈತ್ರಿಯ ಭಾಗವನ್ನೂ ಓದಿಕೊಂಡು ಬನ್ನಿ. ರಾಕೆಟ್ ವಿಷಯದಲ್ಲಿ ನನ್ನ ಅಭಿಪ್ರಾಯ ಒಪ್ಪದವರು ಇದ್ದೇ ಇರುತ್ತೀರಿ, ವಿಶೇಷವಾಗಿ ಯುವಕರು. ನಿಮ್ಮ ವಾದ ಸಿದ್ಧ ಮಾಡಿಕೊಂಡೇ ಬನ್ನಿ.

ಜೈ ಭೀಮ್.