ಶಾಸ್ತ್ರವೂ ಶಕುನವೂ: ಮದುವೆಯ ಮಂಗಳದ ಮೂಲ

ಮದ್ದೂರಿನ ಬಳಿ ಶಿಂಷಾ ನದಿಯ ದಡದಲ್ಲಿ ವೈದ್ಯನಾಥೇಶ್ವರನ ಗುಡಿಯಿರುವ ವೈದ್ಯನಾಥಪುರ ಹಾಗೂ ಸುತ್ತಲಿನ ಮಂಡ್ಯ ಸೀಮೆಯ ಹಳ್ಳಿಗಳ ಮದುವೆಮನೆಗಳಲ್ಲಿ ‘ಶಾಸ್ತ್ರ’ ಎಂದರೆ ಗ್ರಂಥವಲ್ಲ. ಬಳೆಶಾಸ್ತ್ರ, ಅರಿಶಿನಶಾಸ್ತ್ರ, ವೀಳ್ಯಶಾಸ್ತ್ರ ಎನ್ನುವಾಗ ಆ ಮಾತು ಹಿರಿಯರಿಂದ, ಅದರಲ್ಲೂ ಹೆಂಗಸರಿಂದ, ನಡೆದುಬಂದ ಆಚರಣೆಯನ್ನು ಸೂಚಿಸುತ್ತದೆ. ಅದರ ಬೆನ್ನಿಗೇ ಇರುವುದು ಶಕುನ, ಅಂದರೆ ಮುಂದಾಗುವುದನ್ನು ಮೊದಲೇ ತಿಳಿಸುತ್ತದೆಂದು ನಂಬಲಾದ ಸೂಚನೆ. ಮದುವೆಯ ಮಂಗಳ ಇವೆರಡರಲ್ಲಿ ಯಾವುದನ್ನು ಆಶ್ರಯಿಸಿದೆ ಎಂಬುದು ವಿಚಾರಾರ್ಹ ಪ್ರಶ್ನೆ.

ಶಾಸ್ತ್ರಗಳಲ್ಲಿ ಎದ್ದು ಕಾಣುವುದು ಹಲವರ ಹೊಣೆಗಾರಿಕೆ. ಹಾಲು ಒಸರುವ ಅತ್ತಿಯಂಥ ಮರದ ಕೊಂಬೆಯನ್ನು ಸೋದರಮಾವ ಕಡಿದು ತಂದು ಚಪ್ಪರದಲ್ಲಿ ನೆಡುವುದು ಹಾಲುಗಂಬ. ಕುಂಬಾರರ ಮನೆಯಿಂದ ಮುತ್ತೈದೆಯರು ತರುವ ಬಣ್ಣದ ಮಡಕೆಗಳು ಅರಿವೇಣಿ. ವಧೂವರರ ನಡಿಗೆಗೆ ಮಡಿವಾಳರು ಹಾಸುವ ಬಟ್ಟೆ ನಡೆಮಡಿ. ಕೂಡಿಸಿದ ಕೈಗಳ ಮೇಲೆ ಹೆತ್ತವರೂ ನೆಂಟರೂ ಹಾಲು ಎರೆಯುವ ಧಾರೆಯಂತೂ ನೋಡುವವರನ್ನೇ ಸಾಕ್ಷಿಗಳನ್ನಾಗಿ ಮಾಡುತ್ತದೆ. ಇವುಗಳಲ್ಲಿ ಜಾತಿಯ ಮೇಲುಕೀಳು ಹುದುಗಿದೆಯಾದರೂ, ಇಬ್ಬರ ಬಾಳಿಗೆ ಊರೇ ಒತ್ತಾಸೆಯೆಂಬ ತಿಳಿವೂ ಅಷ್ಟೇ ನಿಜ.

ಶಕುನದ ನಡೆ ಬೇರೆ. ಹೊರಡುವಾಗ ಸೀನಿದರೆ, ಬೆಕ್ಕು ಅಡ್ಡ ಹೋದರೆ, ವಿಧವೆ ಎದುರಾದರೆ ಕೇಡೆಂದು ಅಳುಕುವ ಮನೆಯೇ ಎಲ್ಲವೂ ಹಣೆಬರಹವೆಂದೂ ನಂಬುತ್ತದೆ. ಹಿಂದಿನ ಕರ್ಮವೇ ಫಲವನ್ನು ನಿರ್ಣಯಿಸುವುದಾದರೆ ಒಂದು ಸೀನಿಗೆ ಅದನ್ನು ಕೆಡಿಸುವ ಶಕ್ತಿಯಿರಲಾರದು. ಸೀನು ಬರಿಯ ಸೂಚನೆಯಾದರೆ ಅದನ್ನು ತಪ್ಪಿಸಿದ ಮಾತ್ರಕ್ಕೆ ಫಲವೂ ತಪ್ಪದು.

ಕಾಲದ ನಿಷೇಧಗಳಿಗೆ ಕಾರಣ ಹುಡುಕಬಹುದು. ಆಷಾಢದಲ್ಲಿ ಮದುವೆ ಮಾಡದಿರುವುದನ್ನೂ, ಹೊಸ ಸೊಸೆಯನ್ನು ತವರಿಗೆ ಕಳುಹಿಸುವುದನ್ನೂ ಮುಂಗಾರಿನ ಬೇಸಾಯದ ಬಿಡುವಿಲ್ಲದ ದುಡಿಮೆಗೆ ಹೊಂದಿಸಿ ವಿವರಿಸುವುದುಂಟು. ದೂರದ ಐರ್ಲೆಂಡಿನ ಹಳ್ಳಿಗಳಲ್ಲಿಯೂ ಕ್ರೈಸ್ತರ ಉಪವಾಸಕಾಲವಾದ ಲೆಂಟ್‌ನಲ್ಲಿ ಮದುವೆ ನಡೆಯುತ್ತಿರಲಿಲ್ಲವಾದ್ದರಿಂದ ಅದಕ್ಕೆ ಮೊದಲಿನ ದಿನಗಳೇ ಲಗ್ನದ ಸುಗ್ಗಿಯಾಗಿದ್ದವು. ಆಗಲೂ ಒಂಟಿಯಾಗಿ ಉಳಿದವರ ಬೆನ್ನಿಗೆ ಲೆಂಟ್‌ನ ಮೊದಲ ಭಾನುವಾರ ಸೀಮೆಸುಣ್ಣದ ಗುರುತು ಹಾಕಿ ಹಾಸ್ಯ ಮಾಡುವ ರೂಢಿಯಿತ್ತು. ಜೋಡಿಯನ್ನು ಹರಸುವ ಸಮಾಜ ಜೋಡಿಯಿಲ್ಲದವರನ್ನು ಬೆರಳಿಟ್ಟು ತೋರಿಸುವುದು ಎರಡೂ ಕಡೆಯ ದೋಷ.

1955ರ ಹಿಂದೂ ವಿವಾಹ ಕಾಯ್ದೆಯ 7ನೆಯ ಕಲಮು ವಧು ಅಥವಾ ವರನ ಕಡೆಯ ರೂಢಿಯ ವಿಧಿಗಳನ್ನು ಮಾನ್ಯ ಮಾಡುತ್ತದೆಯೇ ಹೊರತು ಶಕುನವನ್ನು ಕೇಳುವುದಿಲ್ಲ. ಕುವೆಂಪು ರೂಪಿಸಿದ, 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ನಡೆದ ‘ಮಂತ್ರ ಮಾಂಗಲ್ಯ’ ಪದ್ಧತಿ ಜಾತಕ, ಮುಹೂರ್ತಗಳನ್ನು ಕೈಬಿಟ್ಟರೂ ಸಾಕ್ಷಿಗಳಾಗಿ ನಿಲ್ಲುವ ಬಂಧುಮಿತ್ರರನ್ನು ಕೈಬಿಡಲಿಲ್ಲ. ಆದುದರಿಂದ ಮಂಗಳದ ಮೂಲ ಕೂಡಿದ ಜನರ ಹೊಣೆಯಲ್ಲಿದೆ. ಮಗಳನ್ನು ಒಬ್ಬಳೇ ಸಾಕಿ ಬೆಳೆಸಿದ ವಿಧವೆ ತಾಯಿಯನ್ನು ಧಾರೆಯ ಹೊತ್ತಿಗೆ ಕಂಬದ ಮರೆಗೆ ಸರಿಸುವ ಮದುವೆ ಎಷ್ಟೇ ಒಳ್ಳೆಯ ಮುಹೂರ್ತದಲ್ಲಿ ನಡೆದರೂ ಅಮಂಗಳವೇ.