ಕರುಳಿನ ನಿವಾಸಿಗಳು

ಮಲದಲ್ಲಿ ರಕ್ತ ಕಂಡರೆ ನಮ್ಮ ಮನೆಗಳಲ್ಲಿ ಮೊದಲು ಹೊರಡುವ ಮಾತು, ‘ಉಷ್ಣ ಆಗಿರಬೇಕು, ಮಜ್ಜಿಗೆ ಕುಡಿ.’ ಎರಡನೆಯದು, ‘ಮೂಲವ್ಯಾಧಿಯೇ ಇರಬೇಕು.’ ಅಲ್ಲಿಗೆ ಮಾತು ನಿಲ್ಲುತ್ತದೆ, ಮುಂದಿನದನ್ನು ನಾಚಿಕೆ ಬಾಯಿಬಿಡಲು ಕೊಡುವುದಿಲ್ಲ. ಪುಣೆಯ ಕೋಥರೂಡದ ಕನ್ನಡ ಮನೆಗಳಲ್ಲಿ ಹೇಗೋ ಪಕ್ಕದ ಮರಾಠಿ ಮನೆಗಳಲ್ಲೂ ಹಾಗೆಯೇ. ಹೀಗೆ ಮುಚ್ಚಿಟ್ಟುಕೊಂಡವರಲ್ಲಿ ಕೆಲವರಿಗೆ ನಿಜಕ್ಕೂ ಇರುವುದು ಕರುಳಿನ ದೀರ್ಘಕಾಲದ ಉರಿಯೂತ. ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣಾದರೆ ಅಲ್ಸರೇಟಿವ್ ಕೊಲೈಟಿಸ್. ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಲ್ಲದ್ದು ಕ್ರೋನ್ಸ್ ಕಾಯಿಲೆ. ಇವು ಪಾಶ್ಚಾತ್ಯರ ರೋಗ ಎಂದು ಸುಮ್ಮನಿರುವಂತಿಲ್ಲ. ಪಂಜಾಬಿನಲ್ಲಿ ಮನೆಮನೆಗೆ ಹೋಗಿ ನಡೆಸಿ 2003ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು 44 ಮಂದಿಗೆ ಕೊಲೈಟಿಸ್ ಇತ್ತು.

ಈ ಉರಿಯೂತದ ಸುಳಿವನ್ನು ಹುಡುಕುತ್ತಿರುವುದು ಕರುಳಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾ, ವೈರಸ್‌ಗಳಲ್ಲಿ. ವೈರಸ್ ಎಂದೊಡನೆ ನಾವು ಹೆದರುತ್ತೇವೆ. ಕೋವಿಡ್ ಕಂಡವರು ಹೆದರದೆ ಏನು ಮಾಡಿಯಾರು! ಆದರೆ ಕರುಳಿನಲ್ಲಿರುವ ವೈರಸ್‌ಗಳಲ್ಲಿ ಹೆಚ್ಚಿನವು ನಮ್ಮ ಜೀವಕೋಶಗಳ ತಂಟೆಗೆ ಬರುವುದಿಲ್ಲ. ಅವು ಫೇಜ್‌ಗಳು. ಬ್ಯಾಕ್ಟೀರಿಯಾದೊಳಕ್ಕೆ ಹೊಕ್ಕು, ಅಲ್ಲೇ ಹೆಚ್ಚಿಕೊಂಡು, ಅದನ್ನು ಒಡೆದು ಹೊರಬರುತ್ತವೆ. ಕೆಲವು ಒಳಗೇ ಸದ್ದಿಲ್ಲದೆ ಉಳಿದುಬಿಡುತ್ತವೆ. ಆರೋಗ್ಯವಂತರ ಕರುಳಲ್ಲೂ ಇದು ಸದಾ ನಡೆದೇ ಇರುತ್ತದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ 2015ರಲ್ಲಿ ತೋರಿಸಿದ್ದು ಇಷ್ಟು: ಉರಿಯೂತವಿರುವವರಲ್ಲಿ ಫೇಜ್‌ಗಳ ಬಗೆಗಳು ಹೆಚ್ಚಿವೆ, ಬ್ಯಾಕ್ಟೀರಿಯಾಗಳ ವೈವಿಧ್ಯ ಕುಗ್ಗಿದೆ. ಕ್ರೋನ್ಸ್‌ನಲ್ಲಿ ಕುಗ್ಗುವವುಗಳಲ್ಲಿ ಫೀಕಲಿಬ್ಯಾಕ್ಟೀರಿಯಂ ಒಂದು. ನಾವು ತಿಂದ ನಾರನ್ನು ಹುದುಗಿಸಿ ಬ್ಯುಟಿರೇಟ್ ತಯಾರಿಸುವುದು ಅದರ ಕಸುಬು. ದೊಡ್ಡ ಕರುಳಿನ ಒಳಪದರಕ್ಕೆ ಈ ಬ್ಯುಟಿರೇಟೇ ಮುಖ್ಯ ಆಹಾರ. ಫೇಜ್ ಹೆಚ್ಚಿದ್ದರಿಂದ ಉರಿಯೂತವೋ, ಉರಿಯೂತದಿಂದ ಫೇಜ್ ಹೆಚ್ಚಿತೋ, ಇನ್ನೂ ಇತ್ಯರ್ಥವಾಗಿಲ್ಲ. ಅದೇ ಫೇಜ್‌ಗಳಿಂದ ಮದ್ದು ಮಾಡುವ ಯತ್ನವೂ ಇದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2022ರಲ್ಲಿ ಐದು ಫೇಜ್‌ಗಳನ್ನು ಕೂಡಿಸಿ, ಉರಿಯೂತ ಕೆರಳಿಸುವ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾವನ್ನು ಇಲಿಗಳಲ್ಲಿ ತಗ್ಗಿಸಿದರು.

ರೋಗಿಯ ಕರುಳಲ್ಲಿ ಏನು ಕೆಟ್ಟಿದೆ ಎನ್ನಬೇಕಾದರೆ ನಮ್ಮವರ ಆರೋಗ್ಯವಂತ ಕರುಳು ಹೇಗಿದೆ ಎಂದು ತಿಳಿದಿರಬೇಕಲ್ಲ? ಇದರಲ್ಲಿ ಪುಣೆಯ ಕೆಲಸ ದೊಡ್ಡದು. ಇಲ್ಲಿನ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ ಯೋಗೇಶ್ ಶೌಚೆ ಮತ್ತು ಸಂಗಡಿಗರು, ಕೋಥರೂಡದಿಂದ ಹೆಚ್ಚು ದೂರವಿಲ್ಲದ ಆಘಾರ್ಕರ್ ಸಂಶೋಧನಾ ಸಂಸ್ಥೆಯವರ ಜೊತೆಗೂಡಿ, ಒಂದೇ ಸೂರಿನಡಿ ಬಾಳುವ ಮೂರು ತಲೆಮಾರಿನವರ ಕರುಳಿನ ಸೂಕ್ಷ್ಮಜೀವಿಗಳನ್ನು ಹೋಲಿಸಿ 2012ರಲ್ಲಿ ಪ್ರಕಟಿಸಿದರು. ಒಂದೇ ಮನೆ, ಒಂದೇ ಅಡುಗೆ, ಆದರೂ ವಯಸ್ಸಿಗೆ ತಕ್ಕಂತೆ ಅವು ಬೇರೆಯಾಗಿದ್ದವು. ಭಾರತೀಯರಲ್ಲಿ ಪ್ರಿವೊಟೆಲ್ಲಾ, ಮೆಗಾಸ್ಫೀರಾ ಎಂಬ ಬ್ಯಾಕ್ಟೀರಿಯಾಗಳು ಹೆಚ್ಚೆಂದು 2016ರಲ್ಲಿ ಪುಣೆಯಿಂದಲೇ ವರದಿಯಾಯಿತು. ಯೂರೋಪಿನವರ ಅಳತೆಗೋಲು ನಮಗೆ ಸಾಲದು ಎನ್ನಲು ನನಗೆ ಇದಿಷ್ಟೇ ಸಾಕು.

ಭೇದಿಯಾದಾಗಲೆಲ್ಲ ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಆ್ಯಂಟಿಬಯೋಟಿಕ್ ಪಟ್ಟಿ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಬಿಡುವುದಿಲ್ಲ. ಅದು ನನ್ನನ್ನು ಕಾಡುತ್ತದೆ. ವಾರಗಟ್ಟಲೆ ಭೇದಿ, ರಕ್ತ, ತೂಕ ಇಳಿಯುವುದು ಕಂಡರೆ ಕೊಲೊನೋಸ್ಕೋಪಿಗೆ ಹಿಂಜರಿಯಬಾರದು. ನಮ್ಮ ದೇಶದಲ್ಲಿ ಆ ಪರೀಕ್ಷೆ ಮಾಡಿಸಲು ಇನ್ನೊಂದು ಕಾರಣವೂ ಇದೆ. ಕ್ರೋನ್ಸ್ ಮತ್ತು ಕರುಳಿನ ಕ್ಷಯ ಎಷ್ಟು ಹೋಲುತ್ತವೆಂದರೆ ಅನುಭವಿ ವೈದ್ಯರೂ ತುಣುಕು ತೆಗೆದು ಪರೀಕ್ಷಿಸಿದ ಮೇಲೂ ಗೊಂದಲಕ್ಕೆ ಬೀಳುತ್ತಾರೆ. ಕ್ರೋನ್ಸ್‌ಗೆ ಕೊಡುವುದು ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದು, ಒಳಗಿರುವುದು ಕ್ಷಯವಾದರೆ ಅದೇ ಮದ್ದಿನಿಂದ ಕ್ಷಯ ಮೈಯೆಲ್ಲ ಹರಡಬಹುದು.